ಮೊದಲ ಆರು ತಿಂಗಳು
(ಮುಂಬಯಿಗೆ ಓದಲು ಹೊಸದಾಗಿ ಬಂದವರಿಗೆ)

ಪ್ರತಿವರ್ಷ ಜೂನ್ ತಿಂಗಳು ಬಂತೆಂದರೆ ನಮ್ಮ ಬಳಗಕ್ಕೆ ಹೊಸ ಮುಖಗಳು ಬರುತ್ತವೆ. ಕುಮಟೆ, ಕಾರವಾರದ ಕಡೆಯವರು, ಉಡುಪಿ, ಕುಂದಾಪುರದವರು, ವಿಜಯಪುರ, ಬೆಳಗಾವಿ, ಕಲಬುರ್ಗಿಯಿಂದ ಬಂದವರು. ಒಬ್ಬೊಬ್ಬರ ಕನ್ನಡ ಒಂದೊಂದು ಥರ. ಆದರೆ ಮೊದಲ ತಿಂಗಳಲ್ಲಿ ಕೇಳಿಬರುವ ಮಾತು ಮಾತ್ರ ಎಲ್ಲರದೂ ಒಂದೇ: "ಇಲ್ಲಿ ಹೇಳೋರು ಕೇಳೋರು ಯಾರೂ ಇಲ್ಲ!" ಜೂನಿನಲ್ಲಿ ಇದನ್ನು ನಗುನಗುತ್ತಾ ಹೇಳುತ್ತಾರೆ. ಆಗಸ್ಟ್ ಹೊತ್ತಿಗೆ ಅದೇ ಮಾತನ್ನು ಸಣ್ಣ ದನಿಯಲ್ಲಿ ಹೇಳುತ್ತಾರೆ. ದೀಪಾವಳಿಗೆ ಊರಿಗೆ ಹೋದವರಲ್ಲಿ ಒಬ್ಬಿಬ್ಬರು ತಿರುಗಿ ಬರುವುದೇ ಇಲ್ಲ.

ಅವರು ಬುದ್ಧಿಯಲ್ಲಿ ಕಡಿಮೆ ಇದ್ದವರೇನಲ್ಲ. ಎಷ್ಟೋ ಸಲ ಊರಿನ ಶಾಲೆಗೆ ಮೊದಲಿಗರಾಗಿ ಬಂದವರು. ಹಾಗಾದರೆ ತೊಡಕು ಎಲ್ಲಿ? ಈ ಲೇಖನದ ವಿಷಯ ಅದೇ.

ಮನೆಯಲ್ಲಿದ್ದಾಗ ನಮ್ಮ ಪರವಾಗಿ ದಿನಕ್ಕೆ ಎಷ್ಟು ಕೆಲಸ ನಡೆಯುತ್ತಿತ್ತು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಎಬ್ಬಿಸುವವರು ಒಬ್ಬರು. ತಿಂದೆಯಾ ಇಲ್ಲವಾ ಅಂತ ನೋಡುವವರು ಒಬ್ಬರು. ದುಡ್ಡು ಎಲ್ಲಿ ಹೋಯಿತು ಅಂತ ಕೇಳುವವರು ಒಬ್ಬರು. ಮುಖ ನೋಡಿದ ಕೂಡಲೇ "ಯಾಕೋ, ಜ್ವರ ಇದೆಯೇನೋ?" ಅನ್ನುವ ಅಜ್ಜಿ ಒಬ್ಬಳು. ಸ್ವತಂತ್ರ ಬದುಕು ಅಂದರೆ ಈ ನಾಲ್ಕೂ ಜನರ ಕೆಲಸ ಒಂದೇ ದಿನ ನಮ್ಮೊಬ್ಬರ ತಲೆಯ ಮೇಲೆ ಬಂದು ಬೀಳುವುದು, ಅಷ್ಟೇ. ಓದು ಇದ್ದೇ ಇದೆ, ಅದು ಐದನೆಯದು. ಈ ಕೆಲಸಗಳನ್ನು ಒಂದೊಂದಾಗಿ ಕಲಿತುಕೊಂಡವರು ನಿಲ್ಲುತ್ತಾರೆ.

ದುಡ್ಡಿನ ಲೆಕ್ಕ

ತಿಂಗಳ ಮೊದಲ ವಾರ ಇರಾನಿ ಹೋಟೆಲಿನಲ್ಲಿ ಖೀಮಾ ಪಾವ್, ಕೊನೆಯ ವಾರ ಬರೀ ವಡಾ ಪಾವ್. ಇದು ಮುಂಬಯಿಯ ಎಲ್ಲ ವಿದ್ಯಾರ್ಥಿಗಳ ಪುರಾಣ. ಕಾರಣ ಇಷ್ಟೇ: ಹಣ ತಿಂಗಳಿಗೊಮ್ಮೆ ಬರುತ್ತದೆ, ಖರ್ಚು ದಿನಾ ಆಗುತ್ತದೆ. ಆದ್ದರಿಂದ ಲೆಕ್ಕವನ್ನು ತಿಂಗಳಿಗೆ ಹಾಕಬೇಡಿ, ವಾರಕ್ಕೆ ಹಾಕಿ.

ಒಂದು ಉದಾಹರಣೆ ನೋಡೋಣ. ಖೋಲಿಯ ಬಾಡಿಗೆ ಕೊಟ್ಟಮೇಲೆ ನಿಮ್ಮ ಕೈಯಲ್ಲಿ 6,000 ರೂಪಾಯಿ ಉಳಿಯಿತು ಅಂತಿಟ್ಟುಕೊಳ್ಳಿ. ಡಬ್ಬಾದವನಿಗೆ 3,000. ರೈಲು ಪಾಸು, ಫೋನು, ಸಾಬೂನು ಎಲ್ಲಾ ಸೇರಿ 500. ಔಷಧಿ, ಅಕಸ್ಮಾತ್ ಊರಿಗೆ ಹೋಗುವ ಖರ್ಚು ಅಂತ ಮುಟ್ಟದೆ ಇಡಬೇಕಾದದ್ದು 500. ಉಳಿಯಿತು 2,000. ಅಂದರೆ ವಾರಕ್ಕೆ 500, ದಿನಕ್ಕೆ ಸುಮಾರು 70. ನಿಜವಾದ ಆದಾಯ ಈ 70! ನಿಮ್ಮ ಅಂಕಿಗಳು ಬೇರೆ ಇರಬಹುದು, ಕಳೆಯುವ ಕ್ರಮ ಮಾತ್ರ ಇದೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದಾರೆ. ಆದರೆ ಹಾಸಿಗೆ ಎಷ್ಟುದ್ದ ಇದೆ ಅಂತ ಮೊದಲು ಅಳೆಯಬೇಕಲ್ಲ?

ಈಗ ಚಹಾದ ಗಾಡಿಯವನಿಗೂ ಫೋನಿನಿಂದಲೇ ದುಡ್ಡು ಕೊಡುತ್ತೇವೆ. ಕಿಸೆಯಿಂದ ನೋಟು ಹೋದರೆ ಕಣ್ಣಿಗೆ ಕಾಣುತ್ತದೆ, ಫೋನಿನಿಂದ ಹೋದದ್ದು ಕಾಣುವುದಿಲ್ಲ. ರಾತ್ರಿ ಮಲಗುವ ಮುಂಚೆ ಎರಡು ನಿಮಿಷ ಕೂತು ಅವತ್ತಿನ ಖರ್ಚನ್ನು ಪುಸ್ತಕದಲ್ಲಿ ಬರೆಯಿರಿ. ಯಾರಾದರೂ ಫೋನ್ ಮಾಡಿ ಓಟಿಪಿ ಕೇಳಿದರೆ ಕೊಡಬೇಡಿ. ಮೋಸವಾಗಿ ಹಣ ಹೋದರೆ ನಾಚಿಕೆಯಿಂದ ಸುಮ್ಮನಿರದೆ ಕೂಡಲೇ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಸಿಗುವ ಆಸೆ ಕಡಿಮೆ.

ಖೋಲಿ ಅಥವಾ ಕಾಟ್ ಬೇಸಿಸ್ ಜಾಗ ಹಿಡಿಯುವಾಗ ಮೂರು ಪ್ರಶ್ನೆ ಮೊದಲೇ ಕೇಳಿ. ಡಿಪಾಸಿಟ್ಟಿಗೆ ರಸೀದಿ ಕೊಡ್ತೀರಾ? ನೀರು ಎಷ್ಟು ಗಂಟೆಗೆ ಬರುತ್ತದೆ? ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು? ಕೇಳಿದರೆ ಏನೆಂದುಕೊಳ್ಳುತ್ತಾರೋ ಅಂತ ನಮ್ಮ ಕಡೆಯವರು ಸಂಕೋಚ ಪಡುತ್ತಾರೆ. ಮುಂಬಯಿಯಲ್ಲಿ ಕೇಳುವುದು ಮರ್ಯಾದೆಗೇಡಿನ ಕೆಲಸವಲ್ಲ, ಇಲ್ಲಿ ಎಲ್ಲರೂ ಕೇಳುತ್ತಾರೆ.

ಗಾಡಿ ಮತ್ತು ಗಡಿಯಾರ

ಮುಂಬಯಿಯಲ್ಲಿ ದೂರವನ್ನು ಮೈಲಿಯಲ್ಲಿ ಹೇಳುವುದಿಲ್ಲ, ನಿಮಿಷದಲ್ಲಿ ಹೇಳುತ್ತಾರೆ. ಚರ್ಚ್‌ಗೇಟಿನಿಂದ ಹೊರಡುವುದು ವೆಸ್ಟರ್ನ್ ಲೈನು. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಸೆಂಟ್ರಲ್ ಮತ್ತು ಹಾರ್ಬರ್. ನಮ್ಮವರು ಹೆಚ್ಚಾಗಿ ಓಡಾಡುವ ಮಾಟುಂಗಾವನ್ನೇ ನೋಡಿ: ಸೆಂಟ್ರಲ್ಲಿನಲ್ಲಿ ಮಾಟುಂಗಾ, ವೆಸ್ಟರ್ನಿನಲ್ಲಿ ಮಾಟುಂಗಾ ರೋಡ್, ಹಾರ್ಬರಿನಲ್ಲಿ ಕಿಂಗ್ಸ್ ಸರ್ಕಲ್. "ಮಾಟುಂಗಾದಲ್ಲಿ ಸಿಗೋಣ" ಅಂತ ಹೇಳಿ ಇಬ್ಬರು ಎರಡು ಸ್ಟೇಷನ್ನಿನಲ್ಲಿ ಕಾಯುತ್ತಾ ನಿಲ್ಲುವುದು ಪ್ರತಿವರ್ಷದ ತಮಾಷೆ. ಫಾಸ್ಟ್ ಗಾಡಿ ಹತ್ತಿದರೆ ದಾದರ್ ಬಿಟ್ಟಮೇಲೆ ಮಾಟುಂಗಾ, ಸಾಯನ್ ಎಲ್ಲ ಕಿಟಕಿಯಲ್ಲಿ ಹಿಂದಕ್ಕೆ ಓಡುತ್ತವೆ. ಇಳಿಯಬೇಕಾದರೆ ಸ್ಲೋ ಗಾಡಿಯನ್ನೇ ಹಿಡಿಯಬೇಕು. ಭಾನುವಾರ ಮೆಗಾ ಬ್ಲಾಕ್ ಇರುತ್ತದೆ. ಅವತ್ತು ಪರೀಕ್ಷೆಯೋ ಸಂದರ್ಶನವೋ ಇದ್ದರೆ ಹಿಂದಿನ ದಿನವೇ ವಿಚಾರಿಸಿ.

ಕಾಲೇಜಿನ ಕಚೇರಿಯಲ್ಲಿ ಕೇಳಿದರೆ ಪಾಸಿಗೆ ರಿಯಾಯಿತಿ ಪತ್ರ ಕೊಡುತ್ತಾರೆ. ಮೊದಲ ವಾರದಲ್ಲೇ ಮಾಡಿಸಿಕೊಳ್ಳಿ. ಗಡಿಬಿಡಿಯಲ್ಲಿ ಫಸ್ಟ್ ಕ್ಲಾಸ್ ಡಬ್ಬಿ ಹತ್ತಿದರೆ ಟೀಸಿ ದಂಡ ಹಾಕುತ್ತಾನೆ, "ಹೊಸಬ ಸ್ವಾಮಿ" ಅಂದರೂ ಬಿಡುವುದಿಲ್ಲ. ಹುಡುಗಿಯರಿಗೆ ಬೇರೆ ಡಬ್ಬಿಗಳಿವೆ. ರಾತ್ರಿ ಅಲ್ಲಿ ಪೊಲೀಸ್ ಕಾವಲು ಇರುತ್ತದೆ. ರೈಲಿನಲ್ಲಿ ತೊಂದರೆಯಾದರೆ 139ಕ್ಕೆ ಫೋನ್ ಮಾಡಬಹುದು.

ಒಂದು ಮಾತು ಮಾತ್ರ ತಮಾಷೆಯಲ್ಲ. ಬಾಗಿಲಲ್ಲಿ ನೇತಾಡಬೇಡಿ. 2025ರ ಜೂನ್ 9ರಂದು ಮುಂಬ್ರಾ ಬಳಿ ತುಂಬಿದ ಗಾಡಿಗಳ ಬಾಗಿಲಲ್ಲಿದ್ದವರು ಹಳಿಯ ಮೇಲೆ ಬಿದ್ದು ಪ್ರಾಣ ಕಳೆದುಕೊಂಡರು. ಅವರು ಕೆಲಸಕ್ಕೆ ಹೊರಟ ಸಾಧಾರಣ ಜನ. ಒಂದು ಗಾಡಿ ತಪ್ಪಿದರೆ ಹಿಂದೆಯೇ ಇನ್ನೊಂದು ಬರುತ್ತದೆ. ಒಂದು ಪೀರಿಯಡ್ ಹೋದರೆ ಹೋಗಲಿ.

ಲೋಕಲ್ ಗಾಡಿಯಲ್ಲಿ ಕಲಿಯುವ ಒಂದು ಒಳ್ಳೆಯ ಪಾಠವೂ ಇದೆ. ಅದರ ಹೆಸರು ನಾಲ್ಕನೆಯ ಸೀಟು. ಬೆಂಚು ಮೂರು ಜನಕ್ಕೆ ಮಾಡಿದ್ದು. ಆದರೆ ನಾಲ್ಕನೆಯವರು ಬಂದು ಕೈಸನ್ನೆ ಮಾಡಿದರೆ ಮೂವರೂ ತುಸು ಸರಿಯುತ್ತಾರೆ. ನಾಲ್ಕನೆಯವರು ಅರ್ಧ ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ. ಯಾರಾದರೂ ಇಳಿದರೆ ಪೂರ್ತಿ ಜಾಗ ಸಿಗುತ್ತದೆ. ಹೊಸದಾಗಿ ಬಂದವರೆಲ್ಲ ಈ ಊರಿನಲ್ಲಿ ನಾಲ್ಕನೆಯ ಸೀಟಿನವರೇ. ಕೇಳದೆ ಯಾರೂ ಸರಿಯುವುದಿಲ್ಲ. ಕೇಳಿದರೆ ಸರಿಯದೇ ಇರುವುದೂ ಕಡಿಮೆ.

ಮಳೆ, ಊಟ, ಜ್ವರ

ನಮ್ಮ ಕಾಲೇಜು ಶುರುವಾಗುವುದೇ ಮಳೆಗಾಲದಲ್ಲಿ. ಕರಾವಳಿಯವರು "ಮಳೆ ನಮಗೇನು ಹೊಸದೇ?" ಅನ್ನುತ್ತಾರೆ. ಊರಿನ ಮಳೆ ಹರಿದು ಹೋಗುತ್ತದೆ, ಇಲ್ಲಿನದು ನಿಲ್ಲುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು ಊರಿಗೆ ಊರೇ ಮುಳುಗಿತ್ತು. ನಿಂತ ನೀರಿನಲ್ಲಿ ಇಲಿಯ ಮೂತ್ರ ಸೇರಿರುತ್ತದೆ. ಅದರಿಂದ ಬರುವ ಜ್ವರವೇ ಲೆಪ್ಟೋಸ್ಪೈರೋಸಿಸ್. ಕಾಲಿನ ಸಣ್ಣ ಗಾಯದಿಂದಲೂ ಅದು ಒಳಗೆ ಹೋಗಬಹುದು. ಅಂಥ ನೀರಿನಲ್ಲಿ ನಡೆಯಬೇಕಾಗಿ ಬಂದರೆ ಮನೆಗೆ ಬಂದು ಸಾಬೂನು ಹಾಕಿ ಕಾಲು ತೊಳೆಯಿರಿ, ಒಂದು ದಿನದಿಂದ ಮೂರು ದಿನದೊಳಗೆ ಡಾಕ್ಟರನ್ನು ಕಂಡು ಮುಂಜಾಗ್ರತೆಯ ಮಾತ್ರೆ ಬೇಕೇ ಅಂತ ಕೇಳಿ.

ಮಳೆಗಾಲದ ಜ್ವರ ಅಂದರೆ ಮಲೇರಿಯಾ ಇರಬಹುದು, ಡೆಂಗ್ಯೂ ಇರಬಹುದು. ಖೋಲಿಯಲ್ಲಿ ಒಬ್ಬರೇ ಮುಸುಕು ಹೊದ್ದು ಮಲಗಿ "ನಾಳೆ ಬಿಡುತ್ತದೆ" ಅಂತ ಕಾಯುವುದು ದೊಡ್ಡ ಅಪಾಯ. ಎರಡನೆಯ ದಿನವೂ ಜ್ವರ ಇಳಿಯದಿದ್ದರೆ ರಕ್ತಪರೀಕ್ಷೆ ಮಾಡಿಸಿ. ಡೆಂಗ್ಯೂ ಇರಬಹುದಾದಾಗ ಆಸ್ಪಿರಿನ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳನ್ನು ನಾವಾಗಿಯೇ ನುಂಗಬಾರದು, ರಕ್ತಸ್ರಾವ ಹೆಚ್ಚಾಗಬಹುದು. ಪರೇಲಿನ ಕೆಇಎಂ, ಸಾಯನ್, ನಾಯರ್, ಕೂಪರ್ ಇವೆಲ್ಲ ನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳು. ಸಾಲು ಉದ್ದ, ಖರ್ಚು ಕಡಿಮೆ. ಯಾವುದು ನಿಮ್ಮ ಖೋಲಿಗೆ ಹತ್ತಿರ ಅಂತ ಆರೋಗ್ಯವಾಗಿದ್ದಾಗಲೇ ನೋಡಿಕೊಂಡಿರಿ. ಮತ್ತೆ, ಜ್ವರ ಬಂದಾಗ ಪಕ್ಕದ ಕಾಟಿನವನಿಗೆ ಹೇಳಿ. ಹೇಳದಿದ್ದರೆ ಅವನಿಗೆ ಗೊತ್ತಾಗುವುದಿಲ್ಲ, ಅವನು ನಿಮ್ಮ ಅಜ್ಜಿಯಲ್ಲ.

ಊಟದ ವಿಷಯ ಬೇಗ ಮುಗಿಸುತ್ತೇನೆ. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಬಾಳೆಲೆಯ ಮೇಲೆ ಸಾರು ಅನ್ನ ಉಂಡಾಗ ಊರು ನೆನಪಾಗಿ ಕಣ್ಣು ತೇವವಾಗುತ್ತದೆ, ಸರಿ. ದಿನಾ ಅದು ನಡೆಯುವ ಮಾತಲ್ಲ. ಗಂಜಿ, ತೊವ್ವೆ, ಒಗ್ಗರಣೆ ಅವಲಕ್ಕಿ, ಈ ಮೂರು ಮಾಡಲು ಬಂದರೆ ಯಾವ ಊರಲ್ಲೂ ಉಪವಾಸ ಬೀಳುವುದಿಲ್ಲ. ಹುಡುಗರಿಗೂ ಈ ಮಾತು ಅನ್ವಯಿಸುತ್ತದೆ. ಅವರಿಗೇ ಹೆಚ್ಚು ಅನ್ವಯಿಸುತ್ತದೆ.

"ಎಲ್ಲಾ ಆರಾಮ್"

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಿಂದೆ ಊರಿಗೆ ಕಾಗದ ಬರೆದರೆ ವಾರ ಹಿಡಿಯುತ್ತಿತ್ತು. ಈಗ ದಿನಾ ರಾತ್ರಿ ಅಮ್ಮನ ಮುಖವನ್ನೇ ಫೋನಿನಲ್ಲಿ ನೋಡುತ್ತೇವೆ. ಆದರೂ ನಿಜ ಹೇಳುತ್ತೇವೆಯೇ? "ಊಟ ಆಯ್ತಾ?" "ಆಯ್ತು." "ಓದು ಹೇಗಿದೆ?" "ಎಲ್ಲಾ ಆರಾಮ್." ಅಪ್ಪ ಸಾಲ ಮಾಡಿ ಕಳಿಸಿದ್ದಾರೆ, ಅವರಿಗೆ ಯಾಕೆ ನೋವು ಕೊಡಬೇಕು ಅಂತ ನಾವು ಸುಳ್ಳು ಹೇಳುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಒಂದು ಸುಳ್ಳನ್ನು ಕಾಯಲು ಇನ್ನೊಂದು ಬೇಕಾಗುತ್ತದೆ.

ಇಂಗ್ಲಿಷಿನ ಪಾಠ ಅರ್ಥವಾಗಲಿಲ್ಲ ಅಂತ ಕ್ಲಾಸು ತಪ್ಪಿಸುವುದು, ತಪ್ಪಿಸಿದ್ದರಿಂದ ಮುಂದಿನದು ಇನ್ನೂ ಅರ್ಥವಾಗದಿರುವುದು, ಹಾಜರಿ ಶೇಕಡಾ 75ಕ್ಕಿಂತ ಕೆಳಗೆ ಇಳಿಯುವುದು, ಕೊನೆಗೆ ಪರೀಕ್ಷೆಯಲ್ಲಿ ಕೇಟಿ ಬೀಳುವುದು. ಊರಿಗೆ ಹಿಂತಿರುಗಿದವರ ಕಥೆ ಹೆಚ್ಚುಕಡಿಮೆ ಈ ದಾರಿಯಲ್ಲೇ ನಡೆದಿರುತ್ತದೆ. ಕೇಟಿ ಬಿದ್ದ ಪೇಪರನ್ನು ಮತ್ತೆ ಬರೆದು ಪಾಸಾಗಬಹುದು, ಪಾಸಾದವರು ನಮ್ಮಲ್ಲೇ ಇದ್ದಾರೆ. ಬಚ್ಚಿಟ್ಟ ಕೇಟಿಯೇ ಮನುಷ್ಯನನ್ನು ಕೊರೆಯುವುದು.

ಆದ್ದರಿಂದ ವಾರಕ್ಕೆ ಒಂದಾದರೂ ನಿಜವಾದ ಕಷ್ಟವನ್ನು ಮನೆಗೆ ಹೇಳಿ. "ಅಮ್ಮಾ, ಅಕೌಂಟ್ಸ್ ತಲೆಗೆ ಹೋಗ್ತಾ ಇಲ್ಲ" ಅಂದರೆ ಆಕಾಶ ಬೀಳುವುದಿಲ್ಲ. ಅಮ್ಮನಿಗೆ ಅಕೌಂಟ್ಸ್ ಬರದಿರಬಹುದು, ಧೈರ್ಯ ಹೇಳಲು ಬರುತ್ತದೆ. ಅಧ್ಯಾಪಕರ ಬಳಿ ಹೋಗಿ "ಸರ್, ನಾನು ಕನ್ನಡ ಮಾಧ್ಯಮ" ಅಂತ ಹೇಳಿಕೊಳ್ಳಿ. ಮೊದಲ ತಿಂಗಳಲ್ಲಿ ಹೇಳಿದರೆ ದಾರಿ ತೋರಿಸುತ್ತಾರೆ, ಪರೀಕ್ಷೆಯ ಹಿಂದಿನ ದಿನ ಹೇಳಿದರೆ ಅವರಾದರೂ ಏನು ಮಾಡಿಯಾರು?

ಹಾಸ್ಟೆಲಿನಲ್ಲಿ ಯಾರಾದರೂ ರ‍್ಯಾಗಿಂಗ್ ಹೆಸರಿನಲ್ಲಿ ಪೀಡಿಸಿದರೆ ಅದು ಸಹಿಸಿಕೊಳ್ಳುವ "ಅಡ್ಜಸ್ಟ್‌ಮೆಂಟ್" ಅಲ್ಲ. 2009ರಿಂದ ಯುಜಿಸಿ ನಿಯಮದ ಪ್ರಕಾರ ಅದು ಶಿಕ್ಷೆಯಾಗುವ ಅಪರಾಧ. ದೂರು ಕೊಡಲು 1800-180-5522 ಇದೆ. ರಾತ್ರಿಗಳು ಬಹಳ ಭಾರವಾದರೆ, ನಿದ್ದೆ ಬಾರದೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಅದು. ಹಗಲು ರಾತ್ರಿ ನಡೆಯುತ್ತದೆ, ದುಡ್ಡು ಬೇಡ, ಕನ್ನಡದಲ್ಲೂ ಮಾತಾಡಬಹುದು. ಈ ನಂಬರನ್ನು ನಿಮಗೆ ಬೇಡವಾದರೂ ಬರೆದಿಟ್ಟುಕೊಳ್ಳಿ, ಖೋಲಿಯಲ್ಲಿ ಇನ್ನೊಬ್ಬರಿಗೆ ಬೇಕಾದೀತು.

ನಮ್ಮವರು, ಬೇರೆಯವರು

ಹೊಸಬರಲ್ಲಿ ಎರಡು ಪಂಗಡ. ಮೂರು ಹೊತ್ತೂ ಕನ್ನಡದವರ ಖೋಲಿಯಲ್ಲೇ ಕೂತು "ಈ ಊರೇ ಸರಿ ಇಲ್ಲ" ಅನ್ನುವವರು ಒಂದು. ಕಾಲೇಜಿನಲ್ಲಿ ಕನ್ನಡ ಕೇಳಿದರೆ ಗುರುತೇ ಇಲ್ಲದಂತೆ ಮುಖ ತಿರುಗಿಸುವವರು ಇನ್ನೊಂದು. ಇಬ್ಬರೂ ಒಂಟಿಯಾಗುತ್ತಾರೆ, ಬೇರೆಬೇರೆ ರೀತಿಯಲ್ಲಿ. ಮರಾಠಿ ಕಲಿಯಿರಿ. ವಿಜಯಪುರ, ಬೆಳಗಾವಿಯವರಿಗೆ ಅರ್ಧ ಬರುತ್ತದೆ, ಮಿಕ್ಕವರಿಗೆ ಆರು ತಿಂಗಳು ಸಾಕು. ಬಸ್ಸಿನ ಕಂಡಕ್ಟರ್ "ಪುಢೆ ಚಲಾ" ಅಂದಾಗ ಬೈದನೆಂದು ಬಗೆಯದೆ ಮುಂದೆ ಸರಿದರೆ ಪಾಠ ಶುರುವಾದಂತೆ.

ಜೊತೆಗೆ ನಮ್ಮದನ್ನೂ ಬಿಡಬೇಡಿ. ನಮಗಿಂತ ಮುಂಚೆ ಈ ಊರಿಗೆ ಬಂದ ಕನ್ನಡದ ಹುಡುಗರು ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದರು. ಆ ಶಾಲೆಗಳನ್ನು ಕಟ್ಟಿದವರೂ ವಲಸೆ ಬಂದವರೇ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಮಾಟುಂಗಾದಲ್ಲಿದೆ. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಹನೇಹಳ್ಳಿಯ ಯಶವಂತ ಚಿತ್ತಾಲರು ಇಲ್ಲೇ ನೌಕರಿ ಮಾಡುತ್ತಾ 1979ರಲ್ಲಿ 'ಶಿಕಾರಿ' ಕೊಟ್ಟರು. ಗೋಕರ್ಣದ ಜಯಂತ ಕಾಯ್ಕಿಣಿಯವರೂ ಇಲ್ಲಿ ನೌಕರಿಯಲ್ಲಿದ್ದವರು. ಅವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಡಿಎಸ್‌ಸಿ ಬಹುಮಾನ ಬಂತು. ಇವರು ಊರನ್ನೂ ಬಿಡಲಿಲ್ಲ, ಮುಂಬಯಿಯನ್ನೂ ದೂರ ಇಡಲಿಲ್ಲ. ಆ ಪುಸ್ತಕಗಳನ್ನು ಓದಿ. ನಿಮ್ಮ ಗಾಡಿ, ನಿಮ್ಮ ಖೋಲಿ ಅಲ್ಲಿ ಸಿಗುತ್ತವೆ.

ಕೊನೆಯದಾಗಿ ಈ ವಾರವೇ ಮಾಡಬಹುದಾದ ಕೆಲಸಗಳು: ಪಾಸು ಮಾಡಿಸಿ. ಡಿಪಾಸಿಟ್ಟಿನ ರಸೀದಿ ಕೇಳಿ. ಹತ್ತಿರದ ಆಸ್ಪತ್ರೆ ನೋಡಿ ಬನ್ನಿ. ಪಕ್ಕದ ಕಾಟಿನವರ ಮನೆಯ ಫೋನ್ ನಂಬರ್ ತೆಗೆದುಕೊಂಡು ನಿಮ್ಮದನ್ನು ಅವರಿಗೆ ಕೊಡಿ. ಮತ್ತು ಒಬ್ಬ ಅಧ್ಯಾಪಕರಿಗೆ ನಿಮ್ಮ ಹೆಸರು ಗೊತ್ತಾಗುವಂತೆ ಮಾಡಿ. ಆರು ತಿಂಗಳು ದಾಟಿದರೆ ಉಳಿದದ್ದು ತಾನಾಗಿ ಬರುತ್ತದೆ. ಮುಂದಿನ ಜೂನಿನಲ್ಲಿ ಯಾರೋ ಒಬ್ಬರು ಟ್ರಂಕು ಹಿಡಿದು ನಿಮ್ಮ ಖೋಲಿಯ ಬಾಗಿಲಲ್ಲಿ ನಿಂತಿರುತ್ತಾರೆ. ಆಗ ತುಸು ಸರಿದು ಜಾಗ ಕೊಡಿ.