ಮ್ಯಾಗ್ನೆಟೋ ಯಂತ್ರವೂ ಅದರ ರಿಪೇರಿಯೂ

ಮಧ್ಯತರಂಗದ ರೇಡಿಯೋವಿನಲ್ಲಿ ಸಂಗೀತವನ್ನು ಕೇಳುತ್ತ ಕುಳಿತಿರುವಾಗ, ಮನೆಯ ಮುಂದೆ ಹಳೆಯ ಮೋಟಾರು ಸೈಕಲ್ಲೊಂದು ಹಾದುಹೋದರೆ, ರಾಗದ ನಡುವೆ ಚಟಚಟನೆ ಸದ್ದು ಸೇರಿಕೊಳ್ಳುವುದನ್ನು ಶ್ರೋತೃಗಳಲ್ಲಿ ಅನೇಕರು ಅನುಭವಿಸಿರಬಹುದು. ಇದರಲ್ಲಿ ಗಾಯಕರ ತಪ್ಪೇನೂ ಇಲ್ಲ. ರೇಡಿಯೋ ಪೆಟ್ಟಿಗೆಯ ತಪ್ಪೂ ಇಲ್ಲ. ಆ ವಾಹನದ ಎಂಜಿನ್ನಿನೊಳಗೆ ಪೆಟ್ರೋಲಿನ ಆವಿಯನ್ನು ಹೊತ್ತಿಸುವುದಕ್ಕಾಗಿ ಕ್ಷಣಕ್ಷಣಕ್ಕೂ ಹಾರುತ್ತಿರುವ ವಿದ್ಯುತ್ತಿನ ಕಿಡಿಯೇ ಅದಕ್ಕೆ ಮೂಲ. ಜರ್ಮನಿಯ ಹೈನ್ರಿಷ್ ಹರ್ಟ್ಸ್ ಎಂಬ ವಿಜ್ಞಾನಿಯು ೧೮೮೭ರಲ್ಲಿ ವಿದ್ಯುತ್ತರಂಗಗಳನ್ನು ಹುಟ್ಟಿಸಿ ತೋರಿಸಿದ್ದೂ ಇಂತಹ ಕಿಡಿಯಿಂದಲೇ. ಆದುದರಿಂದ ರೇಡಿಯೋವಿಗೂ ಎಂಜಿನ್ನಿನ ಕಿಡಿಗೂ ಒಂದು ಬಗೆಯ ದಾಯಾದಿ ಸಂಬಂಧವುಂಟು. ಈ ಕಿಡಿಯನ್ನು ಬ್ಯಾಟರಿಯ ಹಂಗಿಲ್ಲದೆ ಉಂಟುಮಾಡುವ ಮ್ಯಾಗ್ನೆಟೋ ಎಂಬ ಉಪಕರಣವನ್ನು ಕುರಿತೂ ಅದು ಕೆಟ್ಟಾಗ ಸರಿಪಡಿಸುವ ಕ್ರಮವನ್ನು ಕುರಿತೂ ಈ ದಿನ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಪಟ್ಟಣವಾಸಿಗಳಿಗೆ ಇದರಿಂದ ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಗೆ ಉತ್ತರವನ್ನು ನಮಗೆ ಕಲಿಸಿದ್ದು ಆಲ್ದೂರಿನ ಕಡೆಯ ಒಂದು ಮಳೆಗಾಲ.

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿಗೆ ಹೋಗುವ ಹಾದಿಯಲ್ಲಿ ಆಲ್ದೂರು ಇದೆ. ಸುತ್ತಲೂ ಕಾಫಿಯ ತೋಟಗಳು. ಮುಂದೆ ಬಾಳೆಹೊನ್ನೂರಿನ ಬಳಿಯಲ್ಲಿಯೇ ಮೈಸೂರು ಸಂಸ್ಥಾನದವರು ೧೯೨೫ರಲ್ಲಿ ಕಾಫಿಯ ಪ್ರಯೋಗಕ್ಷೇತ್ರವನ್ನು ಸ್ಥಾಪಿಸಿದರು. ಈ ಸೀಮೆಯಲ್ಲಿ ಪುನರ್ವಸು, ಪುಷ್ಯ ಮಳೆಗಳು ಹಿಡಿದವೆಂದರೆ ವಾರಗಟ್ಟಲೆ ಬಿಸಿಲಿನ ಮುಖವನ್ನು ಕಾಣುವಂತಿಲ್ಲ. ದಾರಿಯ ಪಕ್ಕದ ಧರೆ ಜರಿದು ಮಣ್ಣೂ ಮರವೂ ರಸ್ತೆಗೆ ಬೀಳುವುದು ಅಲ್ಲಿ ಹೊಸ ಸಂಗತಿಯಲ್ಲ. ನಾವು ಹೋಗಿದ್ದ ತೋಟದಲ್ಲಿ ಅಂತಹ ಒಂದು ರಾತ್ರಿ ಧರೆ ಜರಿದು, ಕೂಲಿ ಲೈನಿನಿಂದ ಊರಿಗೆ ಇದ್ದ ಒಂದೇ ದಾರಿ ಮುಚ್ಚಿಹೋಯಿತು. ಮಣ್ಣನ್ನು ಸರಿಸಬಲ್ಲ ಯಂತ್ರವೊಂದು ಶೆಡ್ಡಿನಲ್ಲಿತ್ತು: ಕ್ಯಾಟರ್‌ಪಿಲ್ಲರ್ ಡಿ-೨ ಎಂಬ ಹಳೆಯ ಚೈನ್ ಟ್ರ್ಯಾಕ್ಟರು. ಆದರೆ ಅದು ಹೊರಡಲೊಲ್ಲದು.

ಗಾಲಿಗಳಿಗೆ ಬದಲಾಗಿ ಉಕ್ಕಿನ ಪಟ್ಟಿಗಳ ಮೇಲೆ ತೆವಳುವ ಈ ಯಂತ್ರಗಳ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ಅಮೆರಿಕದ ಸ್ಟಾಕ್‌ಟನ್ ಊರಿನ ಬೆಂಜಮಿನ್ ಹೋಲ್ಟ್ ಎಂಬಾತನು ೧೯೦೪ರಲ್ಲಿ, ಮೆತ್ತನೆಯ ನೆಲದಲ್ಲಿ ಗಾಲಿಗಳು ಹೂತುಹೋಗುವುದನ್ನು ಕಂಡು, ಇಂತಹ ಯಂತ್ರವನ್ನು ಪರೀಕ್ಷಿಸಿದನು. ಅವನ ಕಂಪೆನಿಯೂ ಬೆಸ್ಟ್ ಎಂಬವರ ಕಂಪೆನಿಯೂ ೧೯೨೫ರಲ್ಲಿ ಕೂಡಿ ಕ್ಯಾಟರ್‌ಪಿಲ್ಲರ್ ಕಂಪೆನಿಯಾಯಿತು. ಎರಡನೆಯ ಮಹಾಯುದ್ಧವು ಮುಗಿದಾಗ ಅಮೆರಿಕದ ಸೈನ್ಯವು ಬಿಟ್ಟುಹೋದ ಇಂತಹ ಯಂತ್ರಗಳಿಂದಲೇ ಭಾರತ ಸರ್ಕಾರದ ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆಯು ಬೀಳುಭೂಮಿಯನ್ನು ಸಾಗುವಳಿಗೆ ತರುವ ಕೆಲಸವನ್ನಾರಂಭಿಸಿತು. ಹೆಚ್ಚಿನ ಯಂತ್ರಗಳನ್ನು ಕೊಳ್ಳಲು ವಿಶ್ವ ಬ್ಯಾಂಕು ೧೯೪೯ರಲ್ಲಿ ೧ ಕೋಟಿ ಡಾಲರುಗಳ ಸಾಲವನ್ನು ಕೊಟ್ಟಿತು. ಡಿ-೨ ಎಂಬ ಸಣ್ಣ ಜಾತಿಯ ಯಂತ್ರವು ೧೯೩೮ರಿಂದ ೧೯೫೭ರವರೆಗೆ ತಯಾರಾಗುತ್ತಿತ್ತು.

ಇಲ್ಲಿ ಒಂದು ಸಂದೇಹವು ಬರುವುದು ಸಹಜ. ಡಿ-೨ ಡೀಸೆಲ್ ಯಂತ್ರ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಕಾವಿನಿಂದಲೇ ಎಣ್ಣೆ ಹೊತ್ತಿಕೊಳ್ಳುತ್ತದೆ, ಕಿಡಿ ಬೇಡ. ಹೀಗಿರುವಾಗ ಮ್ಯಾಗ್ನೆಟೋ ಏತಕ್ಕೆ? ದೊಡ್ಡ ಡೀಸೆಲ್ ಎಂಜಿನ್ನನ್ನು ಕೈಯಿಂದ ತಿರುಗಿಸುವುದು ಮನುಷ್ಯನಿಗೆ ಆಗದ ಕೆಲಸ. ಅದಕ್ಕಾಗಿ ಅದರ ಮೈಗೆ ಎರಡು ಸಿಲಿಂಡರಿನ ಒಂದು ಪುಟ್ಟ ಪೆಟ್ರೋಲ್ ಎಂಜಿನ್ನನ್ನು ಜೋಡಿಸಿದ್ದಾರೆ. ಮೊದಲು ಮರಿಯನ್ನು ಎಬ್ಬಿಸಬೇಕು. ಆಮೇಲೆ ಮರಿಯು ತಾಯಿಯನ್ನು ತಿರುಗಿಸಿ ಎಬ್ಬಿಸುತ್ತದೆ. ಈ ಮರಿ ಎಂಜಿನ್ನಿಗೆ ಕಿಡಿ ಬೇಕು. ಮ್ಯಾಗ್ನೆಟೋ ಕೊಡುವ ಕಿಡಿಗೆ ಬ್ಯಾಟರಿ ಬೇಕಿಲ್ಲವಾದ ಕಾರಣ, ಕಾಡಿನ ನಡುವೆ ತಿಂಗಳುಗಟ್ಟಲೆ ನಿಂತ ಯಂತ್ರವೂ ತೋಳಿನ ಬಲವೊಂದರಿಂದಲೇ ಎದ್ದುನಿಲ್ಲಬಲ್ಲದು. ಆದರೆ ಅಂಗೈಯಗಲದ ಆ ಉಪಕರಣ ಕೆಟ್ಟರೆ ಟನ್ನುಗಟ್ಟಲೆ ಉಕ್ಕು ನಿಂತಲ್ಲಿಯೇ ನಿಲ್ಲುತ್ತದೆ.

ಈಗ ಅದರ ಕೆಲಸವನ್ನು ವಿಚಾರಿಸೋಣ. ತಂತಿಯ ಸುರುಳಿಯ ಬಳಿ ಅಯಸ್ಕಾಂತವನ್ನು ಆಡಿಸಿದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಫ್ಯಾರಡೆ ಮಹಾಶಯನು ೧೮೩೧ರಲ್ಲಿ ಕಂಡುಹಿಡಿದನು. ಮ್ಯಾಗ್ನೆಟೋವಿನಲ್ಲಿ ಒಂದು ಅಯಸ್ಕಾಂತವೂ ಒಂದೇ ಕಬ್ಬಿಣದ ತಿರುಳಿನ ಮೇಲೆ ಸುತ್ತಿದ ಎರಡು ಸುರುಳಿಗಳೂ ಇರುತ್ತವೆ. ಮೊದಲನೆಯದು ದಪ್ಪ ತಂತಿಯ ಕೆಲವು ನೂರು ಸುತ್ತುಗಳು. ಎರಡನೆಯದು ಕೂದಲೆಳೆಯಂತಹ ತಂತಿಯ ಸಾವಿರಾರು ಸುತ್ತುಗಳು. ಎಂಜಿನ್ನು ತಿರುಗಿದಾಗ ಮೊದಲನೆಯ ಸುರುಳಿಯಲ್ಲಿ ಪ್ರವಾಹವು ಏರುತ್ತದೆ. ಅದು ತುಂಬಿ ಬಂದ ಗಳಿಗೆಯಲ್ಲಿ ಎರಡು ಪುಟ್ಟ ಲೋಹದ ಬಾಯಿಗಳು ಅಗಲಿ ಆ ಪ್ರವಾಹವನ್ನು ಥಟ್ಟನೆ ಕಡಿದುಹಾಕುತ್ತವೆ. ಇವಕ್ಕೆ ಕಾರ್ಖಾನೆಯವರು ‘ಪಾಯಿಂಟು’ ಎನ್ನುವರು. ಆ ಕಡಿತದ ರಭಸದಿಂದ ಎರಡನೆಯ ಸುರುಳಿಯಲ್ಲಿ ಹತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡವು ಹುಟ್ಟಿ, ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ.

ಪಾಯಿಂಟುಗಳ ಪಕ್ಕದಲ್ಲಿ ಕಂಡೆನ್ಸರು ಎಂಬ ಚಿಕ್ಕ ಡಬ್ಬಿ ಇರುತ್ತದೆ. ಓಡುವ ಕಾಲುವೆಗೆ ತೂಬಿನ ಹಲಗೆಯನ್ನು ಒಮ್ಮೆಗೇ ಇಳಿಸಿದರೆ ನೀರು ಹಲಗೆಯ ಮೇಲೆ ಹಾರಿ ಆಚೆಗೆ ಚೆಲ್ಲುವುದಷ್ಟೆ. ಪಕ್ಕದಲ್ಲಿ ಒಂದು ಗುಂಡಿ ಇದ್ದರೆ ಉಕ್ಕಿದ ನೀರು ಅದರಲ್ಲಿ ಇಳಿಯುವುದು, ಹಲಗೆಯೂ ಸರಿಯಾಗಿ ಕೂರುವುದು. ಕಂಡೆನ್ಸರು ಅಂತಹ ಗುಂಡಿ. ಅದು ಕೆಟ್ಟರೆ ಪಾಯಿಂಟುಗಳ ನಡುವೆಯೇ ಕಿಡಿ ಹಾರಿ ಅವು ಸುಟ್ಟುಹೋಗುತ್ತವೆ. ಪ್ಲಗ್ಗಿನಲ್ಲಿ ಕಿಡಿ ಬಡವಾಗುತ್ತದೆ.

ಕೈಯಿಂದ ನಿಧಾನವಾಗಿ ತಿರುಗಿಸುವಾಗ ಅಯಸ್ಕಾಂತದ ವೇಗವು ಸಾಲದು. ಇದಕ್ಕೆ ಪರಿಹಾರವಾಗಿ ಒಂದು ಸ್ಪ್ರಿಂಗಿನ ಕೀಲನ್ನು ಇಟ್ಟಿರುತ್ತಾರೆ. ಅದು ಅಯಸ್ಕಾಂತವನ್ನು ಕ್ಷಣಕಾಲ ತಡೆದು ಹಿಡಿದು, ಬಿಲ್ಲಿನಿಂದ ಬಾಣವನ್ನು ಬಿಡುವಂತೆ ‘ಟಕ್’ ಎಂದು ಬಿಡುತ್ತದೆ. ಆದ್ದರಿಂದ ಎಂಜಿನ್ನು ಎಷ್ಟು ಮೆಲ್ಲನೆ ತಿರುಗಿದರೂ ಕಿಡಿ ಮಾತ್ರ ಪೂರ್ಣಬಲದಿಂದ ಹಾರುತ್ತದೆ. ಈ ಮಾತನ್ನು ಶ್ರೋತೃಗಳು ನೆನಪಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ.

ಇಂತಹ ಅಧಿಕ ಒತ್ತಡದ ಮ್ಯಾಗ್ನೆಟೋವನ್ನು ಸ್ಟುಟ್‌ಗಾರ್ಟ್ ನಗರದ ರಾಬರ್ಟ್ ಬಾಷ್ ಅವರ ಕಾರ್ಖಾನೆಯಲ್ಲಿ ಗಾಟ್ಲೋಬ್ ಹೊನೋಲ್ಡ್ ಎಂಬ ಎಂಜಿನಿಯರು ೧೯೦೨ರ ವೇಳೆಗೆ ಸಿದ್ಧಪಡಿಸಿದನು. ೧೯೧೪ರಲ್ಲಿ ಯುದ್ಧವು ಆರಂಭವಾದಾಗ, ಅಲ್ಲಿಯವರೆಗೆ ಜರ್ಮನಿಯ ಮ್ಯಾಗ್ನೆಟೋಗಳನ್ನೇ ನಂಬಿದ್ದ ಇಂಗ್ಲೆಂಡು ಅವಿಲ್ಲದೆ ಬಹಳ ಪೇಚಿಗೆ ಸಿಕ್ಕಿತು. ಅದೇ ಬಾಷ್ ಮನೆತನದ ಸಹಯೋಗದಿಂದ ೧೯೫೧ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಮೈಕೋ ಕಂಪೆನಿಯು ಹುಟ್ಟಿತು.

ಇನ್ನು ರಿಪೇರಿಯ ಕ್ರಮ. ಇದರಲ್ಲಿ ಮುಖ್ಯವಾದುದು ಕೈಚಳಕಕ್ಕಿಂತಲೂ ವಿಚಾರದ ಸರದಿ. ಅಗ್ಗದ, ಸುಲಭದ ದೋಷವನ್ನು ಮೊದಲು ನೋಡಿ, ಕಷ್ಟದ್ದನ್ನು ಕೊನೆಗೆ ಇಟ್ಟುಕೊಳ್ಳಬೇಕು.

ಮೊದಲನೆಯದಾಗಿ, ಪ್ಲಗ್ಗಿನ ತಂತಿಯನ್ನು ಕಳಚಿ, ಅದರ ತುದಿಯು ಎಂಜಿನ್ನಿನ ಬರಿಯ ಲೋಹದಿಂದ ೫-೬ ಮಿಲಿಮೀಟರು ದೂರದಲ್ಲಿರುವಂತೆ ಒಣಗಿದ ಮರದ ತುಂಡಿನಿಂದ ನಿಲ್ಲಿಸಿ, ಎಂಜಿನ್ನನ್ನು ತಿರುಗಿಸಬೇಕು. ಹತ್ತಿರದಲ್ಲಿ ಪೆಟ್ರೋಲು ಚೆಲ್ಲಿರಬಾರದು. ‘ಟಕ್’ ಎಂಬ ಸದ್ದಿನೊಡನೆ ನೀಲಿಯ ಕಿಡಿ ಹಾರಿದರೆ ಮ್ಯಾಗ್ನೆಟೋ ನಿರ್ದೋಷಿ. ದೋಷವನ್ನು ಪ್ಲಗ್ಗಿನಲ್ಲಿಯೋ ಪೆಟ್ರೋಲಿನಲ್ಲಿಯೋ ಹುಡುಕಬೇಕು. ಕಿಡಿಗೆ ಹಾರುವ ಹಾದಿಯನ್ನೇ ಬಿಡದೆ ತಿರುಗಿಸುವುದು ತಪ್ಪು. ದಿಕ್ಕುಗಾಣದ ಒತ್ತಡವು ಸುರುಳಿಯ ಒಳಗಿನ ಹೊದಿಕೆಯನ್ನೇ ಸೀಳಿಬಿಡಬಹುದು.

ಎರಡನೆಯದಾಗಿ, ಕಿಡಿ ಕಾಣದಿದ್ದರೆ, ನಿಲ್ಲಿಸುವ ಸ್ವಿಚ್ಚಿನಿಂದ ಮ್ಯಾಗ್ನೆಟೋವಿಗೆ ಬರುವ ತಂತಿಯನ್ನು ಬಿಚ್ಚಿ ಮತ್ತೆ ಪರೀಕ್ಷಿಸಬೇಕು. ಮನೆಯ ದೀಪದ ಸ್ವಿಚ್ಚಿಗೂ ಇದಕ್ಕೂ ವಿರುದ್ಧ ಧರ್ಮ. ದೀಪದ ತಂತಿಯನ್ನು ಕಡಿದರೆ ದೀಪ ಆರುತ್ತದೆ. ಮ್ಯಾಗ್ನೆಟೋವಿನಲ್ಲಾದರೋ, ಈ ತಂತಿಯು ಎಂಜಿನ್ನಿನ ಮೈಗೆ ತಗುಲಿದಾಗ ಕಿಡಿ ನಿಲ್ಲುತ್ತದೆ. ತಂತಿ ಕಡಿದುಹೋದರೆ ಕಿಡಿಯನ್ನು ನಿಲ್ಲಿಸುವವರೇ ಇಲ್ಲ. ಇದರ ಹೊದಿಕೆಯನ್ನು ಇಲಿ ಕಡಿದು, ತಾಮ್ರವು ಕಬ್ಬಿಣಕ್ಕೆ ತಗುಲಿದರೆ ಎಂಜಿನ್ನು ಸದಾ ‘ಆಫ್’ ಆದಂತೆಯೇ ಸರಿ.

ಮೂರನೆಯದಾಗಿ ತೇವ. ಮೇಲಿನ ಮುಚ್ಚಳವನ್ನು ತೆಗೆದು, ಒಳಗಿನ ಹನಿಗಳನ್ನು ಒಣ ಬಟ್ಟೆಯಿಂದ ಒರೆಸಬೇಕು. ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಿಂದ ಎಳೆದಂತಹ ಮಸಿಯ ಗೆರೆ ಕಂಡರೆ ಕಿಡಿಯು ಅಲ್ಲಿ ಕಳ್ಳದಾರಿ ಮಾಡಿಕೊಂಡಿದೆಯೆಂದು ತಿಳಿಯಬೇಕು. ಅಂತಹ ಮುಚ್ಚಳವನ್ನು ಬದಲಾಯಿಸುವುದೇ ಲೇಸು. ಒಲೆಯ ಮೇಲಿಟ್ಟು ಒಣಗಿಸಕೂಡದು. ಹಳೆಯ ಸುರುಳಿಗಳ ಅರಗಿನ ಲೇಪವು ಕರಗಿ ಹೊರಬರುವುದು. ಬೆಚ್ಚನೆಯ ಕೋಣೆಯಲ್ಲಿ ಒಂದು ದಿನ ಇಟ್ಟರೆ ಸಾಕು.

ನಾಲ್ಕನೆಯದಾಗಿ ಪಾಯಿಂಟುಗಳು. ಬಹುಕಾಲ ನಿಂತ ಯಂತ್ರದಲ್ಲಿ ಇವುಗಳ ಮೇಲೆ ಕಿಲುಬಿನ ಪೊರೆ ಕಟ್ಟಿರುತ್ತದೆ. ಅದನ್ನು ನಯವಾದ ಅರದಿಂದ ಮೆಲ್ಲನೆ ತೆಗೆದು, ಸ್ಪಿರಿಟ್ಟಿನಿಂದ ಒರೆಸಬೇಕು. ಎಣ್ಣೆಯ ಕೈ ತಗುಲಬಾರದು. ಪೂರ್ಣವಾಗಿ ಬಿಚ್ಚಿಕೊಂಡಾಗ ಅವುಗಳ ನಡುವಣ ಅಂತರವನ್ನು ತಯಾರಕರ ಪುಸ್ತಕದಲ್ಲಿ ಹೇಳಿದಂತೆ ಇಡಬೇಕು. ಬಹುಮಟ್ಟಿಗೆ ಅದು ೦.೩ರಿಂದ ೦.೪ ಮಿಲಿಮೀಟರಿನಷ್ಟಿರುತ್ತದೆ. ಪಾಯಿಂಟುಗಳು ಕಪ್ಪಾಗಿ ಹಳ್ಳ ಬಿದ್ದಿದ್ದರೆ, ಕಿಡಿಯು ಹಳದಿಯಾಗಿ ಬಡವಾಗಿದ್ದರೆ, ಕಂಡೆನ್ಸರನ್ನು ಸಂಶಯಿಸಬೇಕು. ಹಳೆಯವು ಕಾಗದದ ಹಾಳೆಗಳಿಂದ ಮಾಡಿದವುಗಳಾದ್ದರಿಂದ ಮಲೆನಾಡಿನ ಹವೆಯಲ್ಲಿ ಬೇಗನೆ ತೇವವನ್ನು ಕುಡಿಯುತ್ತವೆ.

ಇಷ್ಟರಿಂದಲೂ ಗುಣ ಕಾಣದಿದ್ದರೆ ಮಾತ್ರ ಸುರುಳಿಯನ್ನೂ ಅಯಸ್ಕಾಂತವನ್ನೂ ಪರೀಕ್ಷಿಸಬೇಕು. ಇದು ಪರಿಣತರ ಕೆಲಸ. ಅಯಸ್ಕಾಂತವನ್ನು ಅದರ ಗೂಡಿನಿಂದ ಹೊರತೆಗೆದು ಬರಿದೆ ಮೇಜಿನ ಮೇಲಿಟ್ಟರೆ ಹಳೆಯ ಉಕ್ಕಿನದು ಬಲಗುಂದುತ್ತದೆ. ಅದರ ಎರಡು ತುದಿಗಳಿಗೂ ಮೃದುವಾದ ಕಬ್ಬಿಣದ ತುಂಡೊಂದನ್ನು ಸೇರಿಸಿಟ್ಟಿರಬೇಕು. ಎಂಜಿನ್ನಿನಿಂದ ಮ್ಯಾಗ್ನೆಟೋವನ್ನು ಕಳಚುವ ಮುನ್ನ ಎರಡರ ಮೇಲೂ ಗುರುತು ಗೀರಿಕೊಳ್ಳದಿದ್ದರೆ, ಮರಳಿ ಕೂರಿಸಿದಾಗ ಕಿಡಿಯು ಹೊತ್ತಲ್ಲದ ಹೊತ್ತಿನಲ್ಲಿ ಹಾರಿ ಎಂಜಿನ್ನು ಹಿಂದಕ್ಕೆ ಒದೆಯುವುದು.

ಈಗ ಆಲ್ದೂರಿನ ಕಡೆಗೆ ಹಿಂದಿರುಗೋಣ. ಆ ದಿನ ತೋಟದವರು ಹೊಸ ಪ್ಲಗ್ಗುಗಳನ್ನು ಹಾಕಿ ನೋಡಿದರು, ಪೆಟ್ರೋಲನ್ನು ಬದಲಾಯಿಸಿದರು, ಕೊನೆಗೆ ಮ್ಯಾಗ್ನೆಟೋ ಸತ್ತಿತೆಂದೇ ನಿಶ್ಚಯಿಸಿದರು. ಅಷ್ಟರಲ್ಲಿ ನಾವು ಹೇಳಿದಂತೆ ಸ್ವಿಚ್ಚಿನ ತಂತಿಯನ್ನು ಬಿಚ್ಚಲು, ಕೂಡಲೇ ಕಿಡಿ ಹಾರಿತು. ಇಲಿಯ ಕೆಲಸ. ಎಂಜಿನ್ನು ಎದ್ದಿತು, ಮಧ್ಯಾಹ್ನದೊಳಗೆ ದಾರಿ ತೆರೆಯಿತು. ಎಲ್ಲರಿಗೂ ಸಂತೋಷವಾಯಿತು. ನಮಗೂ ನಮ್ಮ ಬುದ್ಧಿವಂತಿಕೆಯ ವಿಚಾರದಲ್ಲಿ ಸ್ವಲ್ಪ ಹೆಚ್ಚಾಗಿಯೇ ಸಂತೋಷವಾಯಿತೆಂದು ಒಪ್ಪಿಕೊಳ್ಳಬೇಕು. ಹೊಸ ತಂತಿಯನ್ನು ನಾಳೆ ಹಾಕಿದರಾಯಿತೆಂದು ಬಿಚ್ಚಿದ ತುದಿಯನ್ನು ಹಾಗೆಯೇ ಬಿಟ್ಟೆವು; ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ ಎಂಜಿನ್ನನ್ನು ನಿಲ್ಲಿಸಿದೆವು.

ಮೂರನೆಯ ದಿನ, ಹೊಸ ತಂತಿ ಇನ್ನೂ ಬಾರದಿರುವಾಗ, ತೋಟದ ರೈಟರು ಯಂತ್ರವನ್ನು ಒರೆಸುತ್ತಿದ್ದರು. ಮರಿ ಎಂಜಿನ್ನು ಬಿಗಿದಿದೆಯೋ ಎಂದು ನೋಡಲು ಅದರ ಗಾಲಿಗೆ ಕೈಹಾಕಿ ಅರ್ಧ ಸುತ್ತು ತಿರುಗಿಸಿದರು. ಸಿಲಿಂಡರಿನಲ್ಲಿ ಉಳಿದಿದ್ದ ಕೊಂಚ ಆವಿ ಹೊತ್ತಿಕೊಂಡಿತು. ಗಾಲಿ ಹಾರಿ ತಿರುಗಿತು. ಅವರ ಮುಂಗೈ ಮೂಳೆ ಮುರಿಯಿತು. ಆಸ್ಪತ್ರೆಗೆ ಹೋಗುವ ಹಾದಿಯಲ್ಲಿ ಅವರು ಹೇಳುತ್ತಿದ್ದುದು ಒಂದೇ ಮಾತು: “ಸ್ವಿಚ್ಚು ಆಫ್ ಮಾಡಿಯೇ ಇತ್ತಲ್ಲ, ಸ್ವಾಮಿ!”

ಅದು ನಿಜ. ಸ್ವಿಚ್ಚು ಆಫ್ ಆಗಿಯೇ ಇತ್ತು. ಆದರೆ ಅದರಿಂದ ಮ್ಯಾಗ್ನೆಟೋವಿಗೆ ಹೋಗುವ ತಂತಿಯನ್ನು ನಾವೇ ಬಿಚ್ಚಿಸಿದ್ದೆವು. ಮೆಲ್ಲನೆ ತಿರುಗಿಸಿದರೂ ಕಿಡಿ ಪೂರ್ಣಬಲದಿಂದ ಹಾರುವುದೆಂದು ಮೊದಲೇ ಹೇಳಿದೆವಷ್ಟೆ. ದೋಷವನ್ನು ಕಂಡುಹಿಡಿದದ್ದನ್ನೇ ರಿಪೇರಿಯೆಂದು ಭಾವಿಸಿದ್ದು ನಮ್ಮ ತಪ್ಪು. ಅವರ ಕೈ ಕೂಡಿಬಂದಿತು. ಮಾತು ಮಾತ್ರ ನಮ್ಮ ಕಿವಿಯಲ್ಲಿ ಉಳಿದಿದೆ.

ಇದು ಹಳೆಯ ಯಂತ್ರಗಳ ಕಥೆಯಷ್ಟೇ ಎಂದು ತಿಳಿಯಬಾರದು. ಇಂದು ಕಾಫಿಯ ತೋಟಗಳಲ್ಲಿಯೂ ಪಟ್ಟಣದ ಉದ್ಯಾನಗಳಲ್ಲಿಯೂ ಮೊರೆಯುವ ಪೆಟ್ರೋಲಿನ ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಗರಗಸ, ಇವುಗಳ ಗಾಲಿಯಲ್ಲಿಯೂ ಅಯಸ್ಕಾಂತವೇ ಕುಳಿತು ಕಿಡಿಯನ್ನು ಕೊಡುತ್ತಿದೆ. ಅವುಗಳಲ್ಲಿಯೂ ತಂತಿಯು ಮೈಗೆ ತಗುಲಿದರೇ ಕಿಡಿ ನಿಲ್ಲುವುದು. ಪೆಟ್ರೋಲಿನ ಸಣ್ಣ ವಿಮಾನಗಳಲ್ಲಿ ಒಂದೊಂದು ಎಂಜಿನ್ನಿಗೂ ಎರಡೆರಡು ಮ್ಯಾಗ್ನೆಟೋಗಳಿರುತ್ತವೆ. ಅಲ್ಲಿ ಪ್ರೊಪೆಲ್ಲರನ್ನು ಸದಾ ಜೀವಂತವಾದುದೆಂದೇ ಎಣಿಸಿ ನಡೆಯುವುದು ಕಟ್ಟಳೆ. ಆದುದರಿಂದ ಇಂತಹ ಯಾವ ಯಂತ್ರಕ್ಕೆ ಕೈಹಾಕುವ ಮುನ್ನವೂ ಪ್ಲಗ್ಗಿನ ತಂತಿಯನ್ನು ಕಳಚಿ, ಅದರ ತುದಿಯನ್ನು ಎಂಜಿನ್ನಿನ ಮೈಗೆ ಸೇರಿಸಿ ಕಟ್ಟಿರಿ. ಸ್ವಿಚ್ಚನ್ನು ನಂಬಬೇಡಿರಿ. ಕೈಹಿಡಿಯಿಂದ ತಿರುಗಿಸುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಡಿರಿ. ಹಿಡಿಯನ್ನು ಸುತ್ತಿ ಹಿಡಿಯಬೇಡಿರಿ. ಮತ್ತು ಪರೀಕ್ಷೆಗಾಗಿ ಬಿಚ್ಚಿದ ತಂತಿಯನ್ನು, ಯಂತ್ರವು ನಡೆಯಿತೆಂಬ ಸಂತೋಷದಲ್ಲಿ, ನಾಳೆಗೆಂದು ಬಿಡಬೇಡಿರಿ.