ಮಡಿಲ ಕೂಸಿನ ವಿಮಾನಯಾನ

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಂತೆಂದರೆ ಕಾಸರಗೋಡಿನ ಎಷ್ಟೋ ತಾಯಂದಿರು ಮಕ್ಕಳೊಡನೆ ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಗಲ್ಫಿಗೆ ಹೊರಡುತ್ತಾರೆ. ವರ್ಷವಿಡೀ ಮೊಬೈಲ್ ಪರದೆಯಲ್ಲಷ್ಟೇ ಕಂಡ ತಂದೆ ಅಲ್ಲಿ ಕಾದಿರುತ್ತಾನೆ.

ಎರಡು ವರ್ಷ ತುಂಬದ ಕೂಸು ತಾಯಿಯ ಮಡಿಲಲ್ಲೇ ಪಯಣಿಸಬಹುದು; ಆದರೆ ಅದಕ್ಕೂ ಸ್ವಂತ ಪಾಸ್‌ಪೋರ್ಟ್, ಟಿಕೆಟ್ ಬೇಕು. ಕೈಚೀಲದ ದ್ರವಗಳಿಗಿರುವ 100 ಮಿಲಿಲೀಟರ್ ಮಿತಿ, ಪಯಣಕ್ಕೆ ಬೇಕಾಗುವಷ್ಟು ಶಿಶು ಆಹಾರಕ್ಕೆ ಅನ್ವಯಿಸದು.

ವಿಮಾನ ಇಳಿಯುವಾಗ ಒಳಗಿನ ಗಾಳಿಯ ಒತ್ತಡ ಏರುತ್ತದೆ. ಮಗುವಿನ ಕಿರಿದಾದ ಕಿವಿನಾಳ ಅದಕ್ಕೆ ಬೇಗನೆ ಹೊಂದಿಕೊಳ್ಳದು. ಹಟವೆಂದು ನಾವು ತಿಳಿಯುವ ಆ ಅಳು ನಿಜವಾಗಿ ನೋವಿನದು. ಎಬ್ಬಿಸಿ ಹಾಲುಣಿಸಿದರೆ, ನುಂಗುವಾಗ ನಾಳ ತೆರೆದು ನೋವು ಇಳಿಯುತ್ತದೆ. ಶೀತ, ಕಿವಿನೋವುಗಳಿದ್ದರೆ ಹೊರಡುವ ಮೊದಲೇ ವೈದ್ಯರನ್ನು ಕಾಣಬೇಕು.

ಸಹಪ್ರಯಾಣಿಕರ ಸಿಡುಕುನೋಟಕ್ಕೆ ತಾಯಿ ಕುಗ್ಗಬೇಕಿಲ್ಲ. ಆಕೆಯ ಚೀಲವನ್ನೊಮ್ಮೆ ಎತ್ತಿಕೊಟ್ಟರೆ ಸಾಕು, ಅರ್ಧ ಪಯಣ ಹಗುರಾದಂತೆ.