ಬಾಯೊಳಗೆ ಹೋಗಿ ಬರುವ ಮೀನು

ಹವಳದ ದಿಬ್ಬದಲ್ಲಿ ಕೆಲವು ಗೊತ್ತಾದ ಜಾಗಗಳಿರುತ್ತವೆ. ಬೇಟೆಗಾರ ಗ್ರೂಪರ್ ಮೀನು ಅಲ್ಲಿಗೆ ಬಂದು, ಅಲುಗಾಡದೆ ನಿಂತು ಬಾಯಿ ಅಗಲಿಸುತ್ತದೆ, ಕಿವಿರು ಬಿಚ್ಚುತ್ತದೆ. ಮೂತಿಯಿಂದ ಬಾಲದವರೆಗೆ ಕಪ್ಪು ಪಟ್ಟೆಯಿರುವ ಬೆರಳುದ್ದದ ನೀಲಿ ಮೀನೊಂದು ಆ ಹಲ್ಲುಗಳ ನಡುವೆ ನುಗ್ಗಿ, ಒಳಗೆಲ್ಲ ಹೆಕ್ಕಿ, ಕಿವಿರಿನ ಕಡೆಯಿಂದ ಹೊರಬರುತ್ತದೆ. ಗ್ರೂಪರ್‌ಗೆ ಅದು ಒಂದೇ ತುತ್ತು. ಆದರೂ ನುಂಗುವುದಿಲ್ಲ.

ಇದು ಕ್ಲೀನರ್ ರಾಸ್. ಕೆಂಪು ಸಮುದ್ರ, ನಮ್ಮ ಲಕ್ಷದ್ವೀಪ, ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಎಲ್ಲ ಕಡೆಯೂ ಇದೆ. ಮೀನುಗಳ ಮೈಗಂಟಿ ರಕ್ತ ಹೀರುವ ಪುಟ್ಟ ಪರೋಪಜೀವಿಗಳು ಇದರ ಆಹಾರ. ಗ್ರೇಟ್ ಬ್ಯಾರಿಯರ್ ರೀಫ್‌ನ ಲಿಜರ್ಡ್ ದ್ವೀಪದಲ್ಲಿ ಸಂಶೋಧಕಿ ಅಲೆಕ್ಸಾಂಡ್ರಾ ಗ್ರಟರ್ ಲೆಕ್ಕ ಹಾಕಿದಾಗ, ಒಂದೊಂದು ಕ್ಲೀನರ್ ದಿನಕ್ಕೆ ಸುಮಾರು 1,200 ಪರೋಪಜೀವಿಗಳನ್ನು ತಿನ್ನುವುದು ಕಂಡಿತು.

ಇಷ್ಟೇ ಆಗಿದ್ದರೆ ಇದು ಪರಸ್ಪರ ಉಪಕಾರದ ಸರಳ ಕಥೆಯಾಗುತ್ತಿತ್ತು. ಆದರೆ ಕ್ಲೀನರ್‌ಗೆ ನಿಜವಾಗಿ ರುಚಿಸುವುದು ಪರೋಪಜೀವಿಯಲ್ಲ, ಬಂದ ಮೀನಿನ ಮೈಮೇಲಿನ ಲೋಳೆ. ಅವಕಾಶ ಸಿಕ್ಕರೆ ಅದನ್ನೇ ಕಚ್ಚುತ್ತದೆ. ಕಚ್ಚಿಸಿಕೊಂಡ ಮೀನು ಬೆಚ್ಚಿ ಮೈ ಕೊಡವುತ್ತದೆ. ದೂರದಲ್ಲಿ ನಿಂತು ನೋಡುವ ಸಂಶೋಧಕರಿಗೂ ಆ ಕೊಡವುವಿಕೆಯಿಂದಲೇ ಮೋಸ ನಡೆದದ್ದು ತಿಳಿಯುತ್ತದೆ.

ಮೋಸಕ್ಕೆ ಕಡಿವಾಣ ಹಾಕುವುದು ಎದುರಿಗಿರುವ ಮೀನಿನ ಶಕ್ತಿ. ತಿಂದುಹಾಕಬಲ್ಲ ಗ್ರೂಪರ್‌ನ ಮೇಲೆ ಕ್ಲೀನರ್ ಈ ಆಟ ಹೂಡುವುದೇ ಅಪರೂಪ. ಬದಲಿಗೆ ಈಜುರೆಕ್ಕೆಗಳಿಂದ ಅದರ ಬೆನ್ನು ಸವರಿ ಸಮಾಧಾನಪಡಿಸುತ್ತದೆ. ದೂರ ದೂರ ಸುತ್ತುವ ಮೀನುಗಳು ಅಸಮಾಧಾನವಾದರೆ ಬೇರೆ ಕ್ಲೀನರ್‌ನ ಬಳಿ ಹೋಗುತ್ತವೆ, ಹಾಗಾಗಿ ಅವಕ್ಕೆ ಮೊದಲ ಸರದಿ. ಊರಿಗೊಂದೇ ಅಂಗಡಿಯಿದ್ದರೆ ಊರಿನವರು ಕಾಯಲೇಬೇಕಾದಂತೆ, ಅಲ್ಲೇ ವಾಸಿಸುವ ಸಣ್ಣ ಮೀನುಗಳು ಹಿಂದೆ ಉಳಿಯುತ್ತವೆ. ಆದರೆ ಅವೂ ಸುಮ್ಮನಿರುವುದಿಲ್ಲ, ಕಚ್ಚಿದ ಕ್ಲೀನರ್‌ನ ಬೆನ್ನಟ್ಟುತ್ತವೆ. ಇನ್ನೂ ಸೊಗಸಾದ ಸಂಗತಿಯೊಂದನ್ನು ಸಂಶೋಧಕ ರೆದುವಾನ್ ಬ್ಷಾರಿ ಮತ್ತು ಗ್ರಟರ್ 2006ರಲ್ಲಿ ತೋರಿಸಿದರು: ಬೇರೆ ಮೀನುಗಳು ನೋಡುತ್ತಿದ್ದರೆ ಕ್ಲೀನರ್ ಹೆಚ್ಚು ಪ್ರಾಮಾಣಿಕವಾಗಿರುತ್ತದೆ. ಒಳ್ಳೆಯ ಹೆಸರಿನ ಬೆಲೆ ಈ ಪುಟ್ಟ ಮಿದುಳಿಗೆ ಗೊತ್ತಿದೆ ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಗಂಡು ಹೆಣ್ಣು ಜೋಡಿಯಾಗಿ ಕೆಲಸ ಮಾಡುವಾಗ ಕಾವಲು ಮನೆಯೊಳಗೂ ಬರುತ್ತದೆ. ಹೆಣ್ಣು ಲೋಳೆ ಕಚ್ಚಿದರೆ ಬಂದ ಮೀನು ಹೊರಟುಹೋಗುತ್ತದೆ, ಗಂಡಿನ ಊಟವೂ ತಪ್ಪುತ್ತದೆ. 2010ರ ಪ್ರಯೋಗವೊಂದರಲ್ಲಿ ಮೀನಿನ ಬದಲು ತಟ್ಟೆಯಿಟ್ಟರು. ಅದರಲ್ಲಿ ಸಾಮಾನ್ಯ ಆಹಾರದ ಜೊತೆ, ಲೋಳೆಯಂತೆ ಹೆಚ್ಚು ರುಚಿಸುವ ಸಿಗಡಿ ಚೂರು. ಸಿಗಡಿಗೆ ಬಾಯಿ ಹಾಕಿದ ಕೂಡಲೇ ತಟ್ಟೆ ಎತ್ತಿಬಿಡುತ್ತಿದ್ದರು. ಆಸೆ ತಡೆಯದ ಹೆಣ್ಣನ್ನು ಗಂಡು ಅಟ್ಟಾಡಿಸಿತು. ಮುಂದಿನ ಸಲ ಹೆಣ್ಣು ಸಿಗಡಿಯಿಂದ ಹೆಚ್ಚು ದೂರ ಉಳಿಯಿತು.

ಈ ಜಾಣ್ಮೆಗೆ ಸುತ್ತ ಮೀನುಗಳ ಸಂದಣಿ ಬೇಕು. ಲಿಜರ್ಡ್ ದ್ವೀಪದ ಮೇಲೆ 2014 ಮತ್ತು 2015ರಲ್ಲಿ ಚಂಡಮಾರುತಗಳು ಎರಗಿದವು. 2016ರಲ್ಲಿ ಬಿಸಿಯೇರಿದ ಕಡಲು ಹವಳವನ್ನು ಬಿಳಿಚಿಸಿತು. ಕ್ಲೀನರ್‌ಗಳ ಸಾಂದ್ರತೆ ಶೇ 80ರಷ್ಟು ಕುಸಿಯಿತು. ಉಳಿದವುಗಳನ್ನು ಪರೀಕ್ಷಿಸಿದಾಗ, ದೂರದಿಂದ ಬಂದವರಿಗೆ ಮೊದಲ ಸರದಿ ಕೊಡುವುದನ್ನೂ, ನೋಡುವವರೆದುರು ನಯವಾಗಿ ನಡೆದುಕೊಳ್ಳುವುದನ್ನೂ ಅವು ಬಿಟ್ಟಿದ್ದವು.